ಸಹಾಯ ಬೇಕು: ಖಣದ ಕುರ್ತಾ, ಬಜೆಟ್ 1,500 ರೂಪಾಯಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ಮದುವೆಗಳಿಗೆ ಗುಳೇದಗುಡ್ಡ ಖಣದ (ಅಲ್ಲಿ ನೇಯುವ ರವಿಕೆ ಬಟ್ಟೆ) ಕುರ್ತಾ ಹೊಲಿಸಬೇಕು. ಬಟ್ಟೆ, ಲೈನಿಂಗ್, ಹೊಲಿಗೆ ಎಲ್ಲ ಸೇರಿ ಲೆಕ್ಕ. ಖಣದ ಅಗಲ ಕಡಿಮೆ. 44 ಇಂಚಿನ ಕಾಟನ್‌ಗೆ ಹಾಕುವ ಎರಡೂವರೆ ಮೀಟರ್ ಇಲ್ಲಿ ಸಾಲದು. ಹಾಗಾಗಿ ಯೋಕ್ (ಭುಜ, ಎದೆಯ ಮೇಲ್ಭಾಗ), ತೋಳಿನ ಅಂಚಿಗಷ್ಟೇ ಖಣ, ಉಳಿದದ್ದಕ್ಕೆ ತೆಳುವಾದ ಮಲ್ ಕಾಟನ್. ಸೆಕೆಗೂ ಅದೇ ವಾಸಿ. ಆದರೆ ಕಾಟನ್ ಕುಗ್ಗಿ ಖಣ ಕುಗ್ಗದಿದ್ದರೆ ಮೊದಲ ಒಗೆತಕ್ಕೇ ಜೋಡಣೆ ಸುಕ್ಕುಗಟ್ಟುತ್ತೆ. ಕತ್ತರಿಸುವ ಮೊದಲೇ ಎರಡನ್ನೂ ಬೇರೆ ಬೇರೆ ತಣ್ಣೀರಲ್ಲಿ ನೆನೆಸಿ ಒಣಗಿಸಬೇಕು.

ಬೆಂಗಳೂರಿನ ಚಿಕ್ಕಪೇಟೆ ಕಡೆ ಅರ್ಧ ಮೀಟರ್ ಖಣ ಕತ್ತರಿಸಿ ಕೊಡುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪಾಲಿಯೆಸ್ಟರ್ ಬೇಡವೇ ಬೇಡ. ಎಳೆ ಸುಟ್ಟರೆ ಗಟ್ಟಿ ಮಣಿಯಾಗಿ ನಿಲ್ಲುವಂಥದ್ದನ್ನೂ ಖಣ ಅಂತಲೇ ಮಾರುತ್ತಾರೆ. ಕೆಂಪು ಖಣ ಬಣ್ಣ ಬಿಟ್ಟರೂ ಕಾಣದಂತೆ ಲೈನಿಂಗ್‌ಗೆ ಯಾವ ಬಣ್ಣ ಹಾಕಿಸ್ತೀರಿ, ಅದನ್ನೂ ಹೇಳಿ.