ಕೆನಡಾ ಇತಿಹಾಸದ ಪುಸ್ತಕ ಓದಿದವರು ಸ್ವಲ್ಪ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಟೊರಾಂಟೊದಲ್ಲಿ ನೆಲೆಸಿದ ಮೇಲೆ ಆ ದೇಶದ ಬಗ್ಗೆ ಓದಲು ಶುರು ಮಾಡಿದ್ದೇನೆ. ಓದಿದವರ ಅಭಿಪ್ರಾಯ ಬೇಕಿತ್ತು.

ಸುಸಾನಾ ಮೂಡಿಯವರ ‘ರಫಿಂಗ್ ಇಟ್ ಇನ್ ದ ಬುಷ್’ (1852) ಓದಿ ಮುಗಿಸಿದೆ. 1832ರಲ್ಲಿ ಇಂಗ್ಲೆಂಡಿನಿಂದ ಹೋಗಿ ಕಾಡಿನಲ್ಲಿ ಬದುಕು ಕಟ್ಟಿಕೊಂಡವರ ಕಥೆ. ಕಡಿದ ಮರ ತೆಗೆದು ಜಾಗ ಹಸನು ಮಾಡಲು 32 ಜನರನ್ನು ಮುಯ್ಯಾಳುಗಳಾಗಿ ಕರೆಯುತ್ತಾರೆ. ಅವರ ಊಟಕ್ಕಾಗಿ ಆಕೆಯೂ ಕೆಲಸದವಳೂ ಎರಡು ದಿನ ಮೊದಲೇ ಅಡುಗೆಗೆ ನಿಲ್ಲಬೇಕು! ಆ ಅಧ್ಯಾಯ ತುಂಬಾ ಹಿಡಿಸಿತು. ಆದರೆ ಸುತ್ತಲಿದ್ದ ಮೂಲನಿವಾಸಿಗಳು ಆಕೆಯ ಕಣ್ಣಿಗೆ ಕಂಡಷ್ಟೇ ಬರುತ್ತಾರೆ. ಅವರದೇ ಮಾತು ಎಲ್ಲಿ ಸಿಗುತ್ತೆ? ಅವರ ಮಕ್ಕಳನ್ನು ಹೆತ್ತವರಿಂದ ದೂರ ಮಾಡಿದ ವಸತಿ ಶಾಲೆಗಳ ಬಗ್ಗೆ, ಅಲ್ಲಿದ್ದವರೇ ಬರೆದದ್ದು ಯಾರಾದರೂ ಓದಿದ್ದರೆ ದಯವಿಟ್ಟು ತಿಳಿಸಿ. ನನಗೆ ಜಾಸ್ತಿ ಬೇಕಿರುವುದು ಅದೇ.

ಇನ್ನೊಂದು, ಪಿಯರ್ ಬರ್ಟನ್ ಅವರ ‘ದ ಲಾಸ್ಟ್ ಸ್ಪೈಕ್’. ಕೆನಡಿಯನ್ ಪೆಸಿಫಿಕ್ ರೈಲು ದಾರಿಯ ಕಥೆ. 1885ರ ನವೆಂಬರ್ 7ರಂದು ಕ್ರೈಗೆಲ್ಲಕಿಯಲ್ಲಿ ಅದರ ಕೊನೆಯ ಮೊಳೆ ಹೊಡೆದರು. ಬೆಟ್ಟ ಸೀಳಿ ದಾರಿ ಮಾಡಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು. ಅದೇ ವರ್ಷ ಚೀನಾದಿಂದ ಬರುವವರ ಮೇಲೆ ತಲೆಗೆ 50 ಡಾಲರ್ ತೆರಿಗೆ ಹಾಕಿದರು. 1903ರಲ್ಲಿ ಅದು 500 ಆಯಿತು. ಎಂಥ ಅನ್ಯಾಯ ಅಲ್ವಾ? ಬರ್ಟನ್ ಪುಸ್ತಕದಲ್ಲಿ ಈ ಕೂಲಿಗಳಿಗೆ ಎಷ್ಟು ಜಾಗ ಸಿಕ್ಕಿದೆ?

1914ರಲ್ಲಿ ವ್ಯಾಂಕೂವರಿನಿಂದ ವಾಪಸ್ ಕಳಿಸಿದ, ಭಾರತೀಯ ವಲಸಿಗರಿದ್ದ ಕೊಮಗಾತಾ ಮಾರು ಹಡಗಿನ ಬಗ್ಗೆಯೂ ಒಳ್ಳೆ ಪುಸ್ತಕ ಇದ್ದರೆ ಹೇಳಿ. ಸುಮ್ನೆ ಹೆಸರಷ್ಟೇ ಬೇಡ, ನಿಮಗೆ ಏನನ್ನಿಸಿತು ಅಂತ ಎರಡು ಸಾಲು ಬರೆಯಿರಿ.