ಕಾಗದದ ಮೇಲೆ ಘಮಘಮ, ಕೈಗೆ ಹಚ್ಚಿದರೆ ಕಮಟು. ನನ್ನ ಚರ್ಮವೇ ಸರಿ ಇಲ್ಲವಾ?

ಅರ್ಧಶೀಶೆ | ಸೋಮವಾರ ಬೆಳಗ್ಗೆ 8:10
ತಲೆ ಕೆಟ್ಟು ಹೋಗಿದೆ. ಗುಲಾಬಿ, ಶ್ರೀಗಂಧ ಬೆರೆತ ಒಂದು ಪರ್ಫ್ಯೂಮ್ ಆಯಿಲ್ ತಂದು ಮೂರು ವಾರ ಆಯಿತು. ಕಾಗದದ ಪಟ್ಟಿಗೆ ಒಂದು ಹನಿ ಹಾಕಿದರೆ ಎರಡು ದಿನ ಬಿಡದೆ ಪರಿಮಳ. ಕೈಗೆ ಹಚ್ಚಿದರೆ ಮೊದಲ ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಒಂಥರಾ ಹುಳಿ, ಅರ್ಧ ಗಂಟೆ ಆಗುವಷ್ಟರಲ್ಲಿ ಹಳೇ ಎಣ್ಣೆ ಡಬ್ಬದ ಕಮಟು, ಅದರ ಜೊತೆ ಏನೋ ರಬ್ಬರ್ ಥರದ್ದು. ನನ್ನ ತಂಗಿ ಇದೇ ಶೀಶೆಯಿಂದ ಹಚ್ಚಿಕೊಂಡರೆ ಸಂಜೆವರೆಗೂ ಘಮ ಅನ್ನುತ್ತದೆ. ಅವಳ ಕೈ ಮೂಸಿದರೆ ಹೊಟ್ಟೆಕಿಚ್ಚಾಗುತ್ತದೆ. ನಾನು ಎಲ್ಲಾ ಟ್ರೈ ಮಾಡಿದ್ದೇನೆ. ಎಲ್ಲರೂ ಹಚ್ಚುವ ಹಾಗೇ ಹಚ್ಚುತ್ತೇನೆ, ವಿಶೇಷ ಏನಿಲ್ಲ. ಗೊತ್ತಿದ್ದವರು ಬೇಗ ಹೇಳಿ, ಇಲ್ಲಾಂದ್ರೆ ಶೀಶೆ ತಂಗಿಗೇ ಕೊಟ್ಟುಬಿಡುತ್ತೇನೆ.

ನಿಧಾನಿ | 8:45
"ಎಲ್ಲಾ" ಅಂದರೆ ಏನೇನು? ಯಾವ ಬೇಸ್, ಅಂದರೆ ಪರಿಮಳ ಬೆರೆಸಿರುವ ಮೂಲ ಎಣ್ಣೆ ಯಾವುದು? ರೋಲ್ ಆನ್ ಶೀಶೆಯಾ, ಗಾಜಿನ ಕಡ್ಡಿಯದಾ? ಮೈಗೆ ಎಲ್ಲಿ ಹಚ್ಚುತ್ತೀರಿ? ಅದಕ್ಕೂ ಮೊದಲು ಕ್ರೀಮ್, ಲೋಷನ್, ಸ್ಯಾನಿಟೈಸರ್ ಏನಾದರೂ?

ಲಿಟ್ಮಸ್ | 9:02
ಇಷ್ಟೆಲ್ಲ ಪ್ರಶ್ನೆ ಯಾಕೆ? ಇದು ಪಕ್ಕಾ ಪಿಎಚ್ ಸಮಸ್ಯೆ, ಅಂದರೆ ಹುಳಿ ಎಷ್ಟಿದೆ ಅನ್ನುವ ಅಳತೆಯದು. ಒಬ್ಬೊಬ್ಬರ ಚರ್ಮದ ಪಿಎಚ್ ಒಂದೊಂದು ಥರ. ನಿಮ್ಮದು ಹುಳಿ ಕಡೆ ಜಾಸ್ತಿ ಇದೆ, ತಂಗಿಯದು ಕಡಿಮೆ ಇದೆ. ಹುಳಿ ವಾಸನೆ ಅಂತ ನೀವೇ ಬರೆದಿದ್ದೀರಲ್ಲ. ಸ್ನಾನಕ್ಕೆ ಮುಂಚೆ ಮಣಿಕಟ್ಟಿಗೆ ಸ್ವಲ್ಪ ನಿಂಬೆರಸ ಉಜ್ಜಿ ತೊಳೆಯಿರಿ, ಚರ್ಮ ಸಮಕ್ಕೆ ಬರುತ್ತದೆ.

ಹನಿಲೆಕ್ಕ | 9:20
ದಯವಿಟ್ಟು ನಿಂಬೆರಸ ಬೇಡ. ಹುಳಿ ಜಾಸ್ತಿ ಅಂತ ಹೇಳಿ ಮೇಲೆ ಇನ್ನಷ್ಟು ಹುಳಿ ಸುರಿಯಿರಿ ಎನ್ನುವುದು ಯಾವ ಲೆಕ್ಕ, ಅದು ಬೇರೆ ಮಾತು. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ನಿಂಬೆ ಜಾತಿಯದೇ ಆದ ಬರ್ಗಮಾಟ್ ಹಣ್ಣಿನ ಸಿಪ್ಪೆಯಿಂದ ಒತ್ತಿ ತೆಗೆದ ಎಣ್ಣೆಯಲ್ಲೂ ಇದೇ ಕಾಟ, ಅದರಲ್ಲಿರುವ ಬರ್ಗಾಪ್ಟೆನ್‌ನಿಂದ. ಅದಕ್ಕೇ ಪರ್ಫ್ಯೂಮಿಗೆ ಅದನ್ನು ತೆಗೆದ ಬರ್ಗಮಾಟ್ ಬಳಸುತ್ತಾರೆ.

ಇನ್ನು ಪಿಎಚ್. ಅದು ನೀರಿನ ಲೆಕ್ಕ. ಎಣ್ಣೆಗೆ ಪಿಎಚ್ ಎನ್ನುವುದೇ ಇಲ್ಲ.

ಲಿಟ್ಮಸ್ | 9:31
ಚರ್ಮದ ಮೇಲೆ ಬೆವರು ಇರುತ್ತದಲ್ಲ. ಬೆವರು ನೀರೇ ಅಲ್ವಾ?

ಹನಿಲೆಕ್ಕ | 9:38
ಸರಿ, ಬೆವರಿದೆ. ಆರೋಗ್ಯವಾಗಿರುವ ಚರ್ಮ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿ ಇರುತ್ತದೆ, ನಿಮ್ಮದೂ ನನ್ನದೂ. ಆ ಅಲ್ಪ ಹುಳಿಗೆ ಶ್ರೀಗಂಧಕ್ಕೆ ಪರಿಮಳ ಕೊಡುವ ಸ್ಯಾಂಟಲಾಲ್ ಅರ್ಧ ಗಂಟೆಯಲ್ಲಿ ಕೆಟ್ಟು ಕೂರುವುದಿಲ್ಲ. ಜಿಡ್ಡು ಚರ್ಮವಾ ಒಣ ಚರ್ಮವಾ, ಮೈ ಎಷ್ಟು ಬಿಸಿ, ಎಷ್ಟು ಬೆವರು ಅಂತ ಕೇಳಿ, ಒಪ್ಪುತ್ತೇನೆ.

ಅರ್ಧಶೀಶೆ | 1:15
ಊಟದ ಬಿಡುವಿನಲ್ಲಿ ನೋಡಿದೆ. ರೋಲ್ ಆನ್ ಅಲ್ಲ, ಮುಚ್ಚಳಕ್ಕೇ ಅಂಟಿದ ಗಾಜಿನ ಕಡ್ಡಿ. ಬೇಸ್ ಏನೋ, ಲೇಬಲ್ ಮೇಲೆ ಬರೆದಿಲ್ಲ. ಹಚ್ಚುವುದು ಮಣಿಕಟ್ಟಿಗೆ. ಕ್ರೀಮ್ ಗ್ರೀಮ್ ಏನೂ ಇಲ್ಲ. ನಿಂಬೆರಸ ಉಜ್ಜಬೇಕಾ ಬೇಡವಾ, ಒಂದು ಹೇಳಿ.

ಹನಿಲೆಕ್ಕ | 1:17
ಬೇಡ!!

ಕಡ್ಡಿಗುರು | 2:40
ಬೇಸ್ ಹಾಳಾಗಿದೆ ಅನ್ನಿಸುತ್ತದೆ. ಲೇಬಲ್ ಇಲ್ಲ ಅಂದರೆ ಸೂರ್ಯಕಾಂತಿನೋ ಬಾದಾಮಿನೋ ಯಾವುದೋ ಎಣ್ಣೆ ಹಾಕಿರುತ್ತಾರೆ. ಅವು ಗಾಳಿ, ಬೆಳಕು ತಾಗಿದರೆ ಬೇಗ ಕಮಟಾಗುತ್ತವೆ. ಜೊಜೊಬಾ ಹಾಗಲ್ಲ. ಅದು ಹೆಸರಿಗೆ ಎಣ್ಣೆ, ನಿಜಕ್ಕೂ ಮೇಣದ ಜಾತಿ, ವರ್ಷಗಟ್ಟಲೆ ತಡೆಯುತ್ತದೆ. ನಾನು ಮೊದಲ ಸಲ ಮನೆಯಲ್ಲಿ ಬೆರೆಸಿದಾಗ ಅಡುಗೆಮನೆಯಲ್ಲಿದ್ದ ಎಣ್ಣೆಗೇ ಬೆರೆಸಿದ್ದೆ, ಎರಡು ತಿಂಗಳಿಗೆ ಕ್ರೇಯಾನ್ ಡಬ್ಬ ತೆರೆದ ಹಾಗಾಯಿತು. ವಿಟಮಿನ್ ಇ ಎರಡು ಹನಿ ಹಾಕಿ ನೋಡಿ.

ನಿಧಾನಿ | 3:05
ವಿಟಮಿನ್ ಇ ಮುಂದೆ ಕೆಡುವುದನ್ನು ತಡ ಮಾಡುತ್ತದೆ ಅಷ್ಟೇ. ಕೆಟ್ಟಿದ್ದನ್ನು ವಾಪಸ್ ತರುವುದಿಲ್ಲ. ಅದಿರಲಿ, ಬೇಸ್ ಕೆಟ್ಟಿದ್ದರೆ ಕಾಗದದ ಮೇಲೂ ಕಮಟು ಬರಬೇಕಿತ್ತು. ತಂಗಿ ಕೈಯಲ್ಲೂ ಬರಬೇಕಿತ್ತು. ಬರುತ್ತಿಲ್ಲ.

ಕಡ್ಡಿಗುರು | 3:11
ಕಾಗದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಗೊತ್ತಾಗುತ್ತಿಲ್ಲ. ಬೇಸೇ ಹಾಳು, ಬರೆದಿಟ್ಟುಕೊಳ್ಳಿ.

ನಿಧಾನಿ | 3:14
ತಂಗಿ ಕಾಗದದವಳಲ್ಲ.

ನೂರೆಂಟುಶೀಶೆ | 5:50
ಲೇಬಲ್ ಇಲ್ಲದ್ದನ್ನು ತಗೊಳ್ಳುವುದೇ ತಪ್ಪು. ನನ್ನ ಹತ್ತಿರ ಈಗ 108 ಶೀಶೆ ಇವೆ (ಹೆಸರು ಇಟ್ಟುಕೊಂಡಾಗ ಅಷ್ಟಿರಲಿಲ್ಲ, ಈಗ ಸರಿಹೋಯಿತು). ಎಲ್ಲಾ ಕಂದು ಗಾಜಿನವು, ಇದಕ್ಕೇ ಅಂತ ಒಂದು ಚಿಕ್ಕ ಫ್ರಿಜ್, ಒಳಗೆ ತೇವ ತೋರಿಸುವ ಮೀಟರ್, ಪ್ರತಿ ಶೀಶೆಗೂ ತೆರೆದ ತಾರೀಖಿನ ಚೀಟಿ. ಗುಲಾಬಿ ಶ್ರೀಗಂಧ ಅಂದರೆ ನನ್ನ ಪ್ರಕಾರ ಒಂದೇ ದಾರಿ, ತಾಮ್ರದ ಹಂಡೆಯಲ್ಲಿ ಗುಲಾಬಿ ಎಸಳು ಬೇಯಿಸಿ ಅದರ ಹಬೆಯನ್ನು ನೇರವಾಗಿ ಶ್ರೀಗಂಧದ ಎಣ್ಣೆಗೇ ಇಳಿಸಿದ್ದು. ಉಳಿದದ್ದೆಲ್ಲ ಸುಮ್ನೆ ಬೆರಕೆ. ನನ್ನದೊಂದು ಹನ್ನೊಂದು ವರ್ಷ ಹಳೆಯದಿದೆ, ಒಂದು ಹನಿ ಅಂಗಿಗೆ ತಾಗಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಫೋಟೋ ಬೇಕಾದವರು ಕೇಳಿ.

ಹನಿಲೆಕ್ಕ | 6:02
ಯಾರೂ ಕೇಳಲಿಲ್ಲ.

ಲಿಟ್ಮಸ್ | 6:30
ಇನ್ನೊಂದು ವಿಷಯ. ಹಚ್ಚಿದ ಮೇಲೆ ಎರಡೂ ಮಣಿಕಟ್ಟು ಉಜ್ಜುತ್ತೀರಾ? ಹಾಗೆ ಉಜ್ಜಿದರೆ ಪರಿಮಳದ ಅಣುಗಳು ಒಡೆದು ಹೋಗುತ್ತವೆ.

ಹನಿಲೆಕ್ಕ | 6:41
ಕೈ ಉಜ್ಜಿ ಅಣು ಒಡೆಯುವ ಹಾಗಿದ್ದರೆ ಎಣ್ಣೆ ಕಂಪನಿಗಳು ರಿಫೈನರಿ ಕಟ್ಟುತ್ತಿರಲಿಲ್ಲ, ನಾಲ್ಕು ಜನರನ್ನು ಕೂರಿಸಿ ಕೈ ಉಜ್ಜಿಸುತ್ತಿದ್ದವು. ಉಜ್ಜಿದರೆ ಬಿಸಿಯಾಗುತ್ತದೆ, ಎಣ್ಣೆ ತೆಳ್ಳಗೆ ಹರಡುತ್ತದೆ, ಹಚ್ಚಿದ ಕೂಡಲೇ ಬರುವ ಹಗುರವಾದ ಪರಿಮಳ (ಟಾಪ್ ನೋಟ್) ಬೇಗ ಹಾರುತ್ತದೆ. ಅಷ್ಟೇ.

ಲಿಟ್ಮಸ್ | 6:44
ಎಲ್ಲದಕ್ಕೂ ನೀವೇ ಸರಿ ಅಲ್ವಾ.

ಹನಿಲೆಕ್ಕ | 6:45
ಇದಕ್ಕಂತೂ ಹೌದು.

ಅರ್ಧಶೀಶೆ | 9:20
ನೀವಿಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಇವತ್ತೂ ಅದೇ ಕಥೆ. ಮೀಟಿಂಗಿನಲ್ಲಿ ಪಕ್ಕದವರು ಕುರ್ಚಿ ಸರಿಸಿಕೊಂಡರು. ನನ್ನಿಂದಲೇನೋ ಗೊತ್ತಿಲ್ಲ, ಆದರೂ ಇವತ್ತಿಡೀ ಕೈ ಮೇಜಿನ ಕೆಳಗೇ ಇಟ್ಟುಕೊಂಡಿದ್ದೆ.

ನಿಧಾನಿ | 9:48
ಹೀಗೆ ಮಾಡಿ. ನಾಳೆ ರಜೆ ಅಂದುಕೊಂಡು ಒಂದು ಗಂಟೆ ಎತ್ತಿಡಿ. ಎರಡೂ ಕೈಯನ್ನು ವಾಸನೆ ಇಲ್ಲದ ಸೋಪಿನಿಂದ ಮೊಣಕೈವರೆಗೆ ತೊಳೆದು ಚೆನ್ನಾಗಿ ಒರೆಸಿ. ಆಮೇಲೆ ನಾಲ್ಕು ಜಾಗಕ್ಕೆ ಒಂದೇ ಅಳತೆ: ಎಡ ಮಣಿಕಟ್ಟು, ಬಲ ಮಣಿಕಟ್ಟು, ಎರಡೂ ಮೊಣಕೈ ಒಳಮಡಿಕೆ. ಕಡ್ಡಿಯ ತುದಿ ತಾಗಿಸಿದರೆ ಸಾಕು. ಉಜ್ಜಬೇಡಿ (ಅಣು ಒಡೆಯುತ್ತದೆ ಅಂತ ಅಲ್ಲ). ಮೊದಲ ಹತ್ತು ನಿಮಿಷ ಮೂಸಬೇಡಿ. ಆಮೇಲೆ 15, 30, 60 ನಿಮಿಷಕ್ಕೆ ಮೂಸಿ, ತೋಚಿದ್ದನ್ನು ಬರೆಯಿರಿ. ಮಧ್ಯೆ ಮಧ್ಯೆ ಹೊರಗೆ ಗಾಳಿಗೆ ಹೋಗಿ ಬನ್ನಿ. ಕಾಫಿ ಬೀಜ ಮೂಸುವುದೇನೂ ಬೇಕಾಗಿಲ್ಲ.

ಎಣ್ಣೆಯಲ್ಲಿ ಆಲ್ಕೋಹಾಲ್ ಇಲ್ಲವಲ್ಲ, ಅದಕ್ಕೆ ಸ್ಪ್ರೇ ಥರ ಒಮ್ಮೆಲೇ ಎದ್ದು ಬರುವುದಿಲ್ಲ, ಚರ್ಮದ ಶಾಖಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟಿನ ಮೇಲ್ಮೈ 32, 33 ಡಿಗ್ರಿ ಇರಬಹುದು, ಕಾಗದ ಕೋಣೆಯಷ್ಟೇ ತಣ್ಣಗೆ. ಕಾಗದದಲ್ಲಿ ಎರಡು ದಿನ ಉಳಿದದ್ದು ಮೈಮೇಲೆ ಅಷ್ಟು ಉಳಿಯದಿರುವುದು ಸಹಜ. ಬೇಗ ಹಾರಿಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಕೆಟ್ಟ ವಾಸನೆ ಬಂದರೆ ಮಾತ್ರ ಅದು ಎಲ್ಲಿಂದಲೋ ಬಂದು ಸೇರುತ್ತಿದೆ.

ಅರ್ಧಶೀಶೆ | ಮಂಗಳವಾರ ರಾತ್ರಿ 8:30
ಮಾಡಿದೆ. ಎರಡು ಸಲ ಮಾಡಿದೆ, ನಂಬಿಕೆ ಬರಲಿಲ್ಲ ಅಂತ.

15 ನಿಮಿಷ: ನಾಲ್ಕೂ ಕಡೆ ಗುಲಾಬಿ, ಸ್ವಲ್ಪ ಮೆಣಸಿನ ಖಾರ ಇದ್ದ ಹಾಗೆ. ಎಡ ಮಣಿಕಟ್ಟಿನಲ್ಲಿ ಮಾತ್ರ ಅದರ ಕೆಳಗೆ ಏನೋ ಒದ್ದೆ ಬಟ್ಟೆ ಥರ.
30 ನಿಮಿಷ: ಎಡ ಮಣಿಕಟ್ಟು ಕಮಟು, ರಬ್ಬರ್. ಉಳಿದ ಮೂರೂ ಚೆನ್ನ.
60 ನಿಮಿಷ: ಬಲಗೈಯಲ್ಲಿ ಗುಲಾಬಿ ತೆಳುವಾಗಿ ಶ್ರೀಗಂಧ ಮೇಲೆ ಬಂದಿದೆ, ಹಾಲಿನ ಕೆನೆ ಥರ ನುಣುಪು. ಮೊಣಕೈ ಮಡಿಕೆಯಲ್ಲಿ ಇನ್ನೂ ಚೆನ್ನ. ಎಡ ಮಣಿಕಟ್ಟು ಹೇಳುವುದೇ ಬೇಡ.

ಎಡಗೈ ಮಾತ್ರ! ಇದೇನು ಮಾಟವಾ?

ಲಿಟ್ಮಸ್ | 8:41
ಎಡಗೈ ಪಿಎಚ್ ಬೇರೆ ಇರಬಹುದು.

ಹನಿಲೆಕ್ಕ | 8:42
ಕೈ ಮುಗಿದೆ.

ನಿಧಾನಿ | 8:50
ಎಡಗೈಗೆ ಏನು ಕಟ್ಟುತ್ತೀರಿ?

ಅರ್ಧಶೀಶೆ | 8:55
ಏನೂ ಇಲ್ಲ. ಫಿಟ್‌ನೆಸ್ ಬ್ಯಾಂಡ್ ಇರುತ್ತದೆ ಅಷ್ಟೇ, ಎಲ್ಲರಿಗೂ ಇರುವಂಥದ್ದು. ಸ್ನಾನಕ್ಕೂ ನಿದ್ದೆಗೂ ತೆಗೆಯುವುದಿಲ್ಲ, ಹೆಜ್ಜೆ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಮಾಡುವಾಗ ತೊಳೆಯುವುದಕ್ಕೆ ತೆಗೆದಿದ್ದೆ, ಎಣ್ಣೆ ಹಚ್ಚಿ ಮತ್ತೆ ಕಟ್ಟಿಕೊಂಡೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹನಿಲೆಕ್ಕ | 8:56
ಎರಡು ದಿನ. ಎರಡು ದಿನ ನಿಂಬೆರಸದ ಬಗ್ಗೆ ಬರೆದೆ ನಾನು.

ನಿಧಾನಿ | 9:10
ಸಂಬಂಧ ಇದೆ. ಬ್ಯಾಂಡ್ ಸಿಲಿಕೋನ್‌ನದ್ದಾ? ಸಿಲಿಕೋನ್ ನೀರು ಕುಡಿಯುವುದಿಲ್ಲ, ಎಣ್ಣೆ ಮತ್ತು ಪರಿಮಳ ಮಾತ್ರ ಚೆನ್ನಾಗಿ ಕುಡಿಯುತ್ತದೆ. ಮೈಜಿಡ್ಡು, ಸನ್‌ಸ್ಕ್ರೀನ್, ಸೋಪು, ಹೋದ ತಿಂಗಳ ಅತ್ತರು ಎಲ್ಲಾ ಅದರೊಳಗೆ ಸೇರಿಕೊಂಡಿದೆ. ಮೈಜಿಡ್ಡಿನಲ್ಲಿ ಸ್ಕ್ವಾಲೀನ್ ಅಂತ ಇದೆ, ಗಾಳಿ ತಾಗಿದರೆ ಕೆಡುತ್ತದೆ. ಅದೇ ಕಮಟು. ಕೆಳಗಿನ ಚರ್ಮವೂ ದಿನವಿಡೀ ಬೆವತು ಬೆಚ್ಚಗಿರುತ್ತದೆ. ನೀವು ಎಣ್ಣೆ ಹಚ್ಚಿ ಬ್ಯಾಂಡ್ ಕಟ್ಟಿದಾಗ ಅದು ನಿಮ್ಮ ಗುಲಾಬಿಯನ್ನು ಒಳಗೆ ಎಳೆದುಕೊಂಡು ತನ್ನ ಹಳೇ ಸಾಮಾನನ್ನು ಹೊರಗೆ ಬಿಡುತ್ತಿದೆ. ಬ್ಯಾಂಡ್ ಬಿಚ್ಚಿ ಅದನ್ನೊಂದು ಸಲ ಮೂಸಿ ನೋಡಿ.

ಅರ್ಧಶೀಶೆ | 9:22
ಅಯ್ಯೋ.

ಬಿಚ್ಚಿ ದೀಪದ ಕೆಳಗೆ ಹಿಡಿದೆ. ಒಳಬದಿ ಪೂರ್ತಿ ಬಿಳಿಚಿಕೊಂಡಿದೆ, ಕೊಂಡಿ ಸಿಕ್ಕಿಸುವ ತೂತುಗಳ ಅಂಚಿನಲ್ಲಿ ಬೂದು ಬಣ್ಣದ ಜಿಡ್ಡು, ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿಯಾಗಿ ಬರುತ್ತದೆ. ಮೂಸಿದೆ. ಅದೇ. ಅರ್ಧ ಗಂಟೆ ಕಾಯಬೇಕಾಗಿಯೂ ಇರಲಿಲ್ಲ. ಇದನ್ನು ಕಟ್ಟಿಕೊಂಡು ಮಲಗುತ್ತಿದ್ದೆನಲ್ಲ ಇಷ್ಟು ದಿನ.

ಕಡ್ಡಿಗುರು | 9:40
ಆದರೂ ಬೇಸ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ನೂರೆಂಟುಶೀಶೆ | 10:05
ಅದಕ್ಕೇ ನಾನು ಸ್ಟೀಲ್ ಚೈನಿನ ಗಡಿಯಾರ ಬಿಟ್ಟು ಬೇರೆ ಕಟ್ಟುವುದಿಲ್ಲ. ನನ್ನ ಹತ್ತಿರ ನಾಲ್ಕಿವೆ. ಲೋಹಕ್ಕೆ ವಾಸನೆಯೇ ಇಲ್ಲ.

ಹನಿಲೆಕ್ಕ | 10:20
ಇದು ಮಜವಾದ ವಿಷಯ. ಕಬ್ಬಿಣದ ಸರಳು ಹಿಡಿದಾಗ ಕೈಗೆ ಬರುವ "ಲೋಹದ ವಾಸನೆ" ಲೋಹದ್ದಲ್ಲ, ನಮ್ಮದೇ. ಚರ್ಮದ ಜಿಡ್ಡು ಕಬ್ಬಿಣದ ಜೊತೆ ಸೇರಿ ಒಡೆದು ಒಂದು ಅಣು ಆಗುತ್ತದೆ, ಒಕ್ಟೆನೋನ್, ಅಣಬೆ ಥರದ ಲೋಹದ ವಾಸನೆ. ಚೂರೇ ಚೂರು ಇದ್ದರೂ ಮೂಗಿಗೆ ಹೊಡೆಯುತ್ತದೆ. ಒಳ್ಳೇ ಸ್ಟೀಲಿನಲ್ಲಿ ಅಷ್ಟಾಗಿ ಆಗದು. ಆದರೆ ಚೈನಿನ ಕೊಂಡಿಗಳ ಸಂದಿಯಲ್ಲಿ ಸೇರುವ ಕೊಳೆಗೆ ವಾಸನೆ ಇಲ್ಲ ಅನ್ನಬೇಡಿ, ಒಂದು ಸಲ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ ನೋಡಿ.

ನೂರೆಂಟುಶೀಶೆ | 10:31
ನನ್ನದನ್ನು ಪ್ರತಿ ಭಾನುವಾರ ತಿಕ್ಕುತ್ತೇನೆ.

ಅರ್ಧಶೀಶೆ | ಶುಕ್ರವಾರ 7:15
ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ರಾತ್ರಿಯಿಡೀ ನೆನೆಸಿದೆ. ಮೇಲಿನ ಜಿಡ್ಡು ಹೋಯಿತು, ಒಳಗಿನದು ಹೋಗಲಿಲ್ಲ. ಎರಡು ದಿನ ಕಿಟಕಿಯಲ್ಲಿ ನೇತುಹಾಕಿದ ಮೇಲೂ ಬಿಸಿಯಾದರೆ ವಾಸನೆ ವಾಪಸ್. ಕೊನೆಗೆ ಆ ಪಟ್ಟಿ ಬಿಸಾಕಿ ಬಟ್ಟೆಯದು ಹಾಕಿಸಿದೆ, ಅದನ್ನು ಒಗೆಯಬಹುದು. ಎಣ್ಣೆ ಈಗ ಮೊಣಕೈ ಮಡಿಕೆಗೆ. ಚೆನ್ನಾಗಿದೆ.

ಆದರೆ ಇನ್ನೊಂದು ಸಮಸ್ಯೆ. ಎರಡು ಗಂಟೆ ಆದ ಮೇಲೆ ನನಗೆ ಏನೂ ವಾಸನೆ ಬರುವುದಿಲ್ಲ. ತಂಗಿ ಬಾಗಿಲಲ್ಲೇ ನಿಂತು "ಘಮ್ಮಂತಿದೆ" ಅನ್ನುತ್ತಾಳೆ.

ಲಿಟ್ಮಸ್ | 7:40
ಒಣ ಚರ್ಮ ಹೀರಿಕೊಂಡಿರುತ್ತದೆ. ವಾಸನೆ ಇಲ್ಲದ ವ್ಯಾಸಲೀನ್ ತೆಳ್ಳಗೆ ಹಚ್ಚಿ ಅದರ ಮೇಲೆ ಎಣ್ಣೆ ಹಚ್ಚಿ. (ಪಿಎಚ್ ಬಗ್ಗೆ ಮಾತಾಡುತ್ತಿಲ್ಲ.)

ಹನಿಲೆಕ್ಕ | 8:00
ವ್ಯಾಸಲೀನ್ ಒಳ್ಳೇ ಸಲಹೆ, ಉಳಿಯುವ ಕಾಲ ಹೆಚ್ಚುತ್ತದೆ. ಆದರೆ ತಂಗಿಗೆ ಬಾಗಿಲಲ್ಲೇ ಬರುತ್ತಿದೆ ಅಂದ ಮೇಲೆ ಪರಿಮಳ ಚರ್ಮದ ಮೇಲೇ ಇದೆ, ಹೋಗಿಲ್ಲ. ಮೂಗು ಸುಮ್ಮನಾಗಿದೆ. ಒಂದೇ ವಾಸನೆ ಹತ್ತಿರದಲ್ಲೇ ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಇನ್ನೊಂದು ಸಾಧ್ಯತೆ, ಕೊನೆಗೆ ಉಳಿಯುವುದು ಮಸ್ಕ್, ಅಂದರೆ ಕಸ್ತೂರಿ ಥರದ ಪರಿಮಳ ಇರಬಹುದು. ಗ್ಯಾಲಕ್ಸೊಲೈಡ್‌ನಂಥ ದೊಡ್ಡ ಅಣುಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಬೇರೆಲ್ಲ ವಾಸನೆ ಸರಿಯಾಗಿ ಬರುತ್ತಿದ್ದರೂ. ಅರ್ಧ ಗಂಟೆ ಹೊರಗೆ ಓಡಾಡಿ ಬಂದು ಮೂಸಿ. ಬಂದರೆ ಮೂಗಿನ ದಣಿವು. ಬರದಿದ್ದರೆ ಮಸ್ಕ್ ಇರಬಹುದು. ಬರಲಿಲ್ಲ ಅಂತ ಮೇಲೆ ಮೇಲೆ ಮಾತ್ರ ಹಚ್ಚಬೇಡಿ, ಪಕ್ಕದವರು ಮತ್ತೆ ಕುರ್ಚಿ ಸರಿಸುತ್ತಾರೆ.

ನೂರೆಂಟುಶೀಶೆ | 8:25
ನನಗೆ ಎಲ್ಲಾ ಮಸ್ಕೂ ಬರುತ್ತದೆ.

ಕೊನೆಹನಿ | ಮೂರು ವಾರಗಳ ನಂತರ
ನನಗೂ ಇದೇ ಸಮಸ್ಯೆ, ಆದರೆ ಕತ್ತಿನಲ್ಲಿ. ಬ್ಯಾಂಡ್ ಇಲ್ಲ. ಯಾಕಿರಬಹುದು?

ನಿಧಾನಿ | ಅದೇ ದಿನ
ಹೊಸ ಚರ್ಚೆ ತೆರೆಯಿರಿ, ಇದು ಉದ್ದವಾಯಿತು. ಕೂದಲಿಗೆ ಹಾಕುವ ಎಣ್ಣೆ, ಶಾಂಪೂ, ಸರ, ಸ್ಕಾರ್ಫು, ಕಾಲರ್ ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ, ಎಲ್ಲಾ ಮೊದಲೇ ಬರೆಯಿರಿ. "ಏನೂ ಇಲ್ಲ" ಅಂತ ಬರೆಯಬೇಡಿ.