200 ಕಿ.ಮೀ. ಬ್ರೆವೇಗೆ ಒಂಟಿ ಅಭ್ಯಾಸ: ಮರಳುವಾಗ ಶಿರವಳದ ಬಳಿ ಕಾಲು ಸೋಲುತ್ತಿದೆ

ವಾರ್ಜೆ ಸವಾರ:
ಎಲ್ಲರಿಗೂ ನಮಸ್ಕಾರ. ಧಾರವಾಡದವನಾದ ನಾನು ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ಪಾಳಿಯ ಕೆಲಸವಾದ್ದರಿಂದ ಯಾವ ಗುಂಪಿನ ಸಮಯವೂ ಹೊಂದದೆ, ಬ್ರೆವೇಗೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಎಂಟು ತಿಂಗಳಿನಿಂದ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ಮೂರು ಭಾನುವಾರ ಬೆಳಗಿನ ಐದಕ್ಕೆ ಹೊರಟು, ಸಾತಾರಾ ರಸ್ತೆಯಲ್ಲಿ ಖಂಬಾಟ್ಕಿ ಘಾಟ್ ಹತ್ತಿಳಿದು, ವಾಯಿಗೆ ತಿರುಗುವ ಸುರೂರು ಫಾಟಾ ಮುಟ್ಟಿ ಮರಳಿದೆ. ಒಟ್ಟು ಸುಮಾರು 160 ಕಿ.ಮೀ. ಮೂರು ಸಲವೂ ಮರಳುವಾಗ ಶಿರವಳದ ಹತ್ತಿರ, ಅಂದರೆ 110 ಕಿ.ಮೀ. ಆಗುವಷ್ಟರಲ್ಲಿ, ತೊಡೆಗಳಲ್ಲಿ ತ್ರಾಣವೇ ಉಳಿಯದೆ ವೇಗ 15ಕ್ಕೆ ಇಳಿಯಿತು. ಸೈಕಲ್ಲನ್ನು ಅಂಗಡಿಯಲ್ಲಿ ತೋರಿಸಿದ್ದೇನೆ, ದೋಷವೇನೂ ಇಲ್ಲ. ಹಿಂದಿನ ಗೇರಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಿಸಬೇಕೆ?

ಹಳೆಯ ಚೈನು:
ಕ್ಯಾಸೆಟ್ಟಿಗೆ ದುಡ್ಡು ಹಾಕುವ ಮೊದಲು ಮೂರು ಸಂಗತಿ ತಿಳಿಸಿ. ಮೊದಲ 50 ಕಿ.ಮೀ.ಯ ಸರಾಸರಿ ವೇಗ ಎಷ್ಟು? ಏನೇನು, ಯಾವಾಗ ತಿಂದಿರಿ, ಕುಡಿದಿರಿ? ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ಎಷ್ಟಿತ್ತು?

ವಾರ್ಜೆ ಸವಾರ:
ಶಿರವಳದವರೆಗೆ ಸರಾಸರಿ 26. ಹೊರಡುವಾಗ ಒಂದು ಬಾಳೆಹಣ್ಣು, ಸುರೂರಿನಲ್ಲಿ ಮಿಸಳ್ ಪಾವ್. ಶಕ್ತಿಗಾಗಿ ದಾರಿಯುದ್ದಕ್ಕೂ ಓಆರ್‌ಎಸ್, ಒಟ್ಟು ಎರಡು ಲೀಟರ್. ತೂಕ 68ರಿಂದ 65.6 ಕಿಲೋಗೆ ಇಳಿದಿತ್ತು.

ಹಳೆಯ ಚೈನು:
ನೀವು ಸೋಲುವುದು ಶಿರವಳದಲ್ಲಿ ಮರಳುವಾಗಲ್ಲ, ಅದೇ ಶಿರವಳಕ್ಕೆ ಹೋಗುವಾಗ. 200 ಕಿ.ಮೀ. ಬ್ರೆವೇಗೆ ಹದಿಮೂರೂವರೆ ಗಂಟೆಯ ಅವಕಾಶವಿದೆ. ನಿಲುಗಡೆಗಳನ್ನೂ ಸೇರಿಸಿದರೆ ಗಂಟೆಗೆ 15 ಕಿ.ಮೀ. ಸಾಕು. ಗುಂಪಿನಲ್ಲಿದ್ದರೆ ಮುಂದಿನವರ ಬೆನ್ನ ಹಿಂದೆ ಗಾಳಿಯ ಮರೆ ಸಿಗುತ್ತದೆ, ಜೊತೆಗೆ ‘ನಿಧಾನ’ ಎಂದು ಗದರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಒಂಟಿ ಸವಾರನಿಗೆ ಎರಡೂ ಇಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 21ರ ಬದಲು 26ರಲ್ಲಿ ಹೋಗುವಾಗ ಗಾಳಿಗಷ್ಟೇ ನೀವು ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ತೆರುತ್ತೀರಿ. ತಂಪು ಹೊತ್ತಿನಲ್ಲಿ ಅದು ಗೊತ್ತಾಗುವುದೇ ಇಲ್ಲ, ಬಿಸಿಲೇರಿದ ಮೇಲೆ ಕಾಲು ಲೆಕ್ಕ ಕೇಳುತ್ತದೆ.

ಎರಡನೆಯದು ಓಆರ್‌ಎಸ್. ಅದು ನೀರು ಮತ್ತು ಲವಣ ತುಂಬಿಕೊಡುವ ದ್ರಾವಣವೇ ಹೊರತು ಊಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ನಿಮ್ಮ ಎರಡು ಲೀಟರ್ ಸೇರಿ 27 ಗ್ರಾಂ, ಅಂದರೆ ಇನ್ನೊಂದು ಬಾಳೆಹಣ್ಣು ತಿಂದಷ್ಟು. ಇಂಥ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಹಸಿವಾಗುವವರೆಗೆ ಕಾಯದೆ ಮೊದಲ ಮುಕ್ಕಾಲು ಗಂಟೆಯೊಳಗೇ ತಿನ್ನಲು ಶುರುಮಾಡಿ: ಬಾಳೆಹಣ್ಣು, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬೆಲ್ಲದ ತುಂಡು. ಮಿಸಳ್‌ ಮೇಲೆ ನನಗೂ ಪ್ರೀತಿಯಿದೆ, ಆದರೆ ಅದರ ತರ್ರಿ ಸಾರಿನ ಎಣ್ಣೆ, ಖಾರ ಹೊಟ್ಟೆಯಲ್ಲಿರುವಾಗ ಪೆಡಲ್ ತುಳಿಯಬೇಡಿ. ಊರಿನಿಂದ ಬಂದ ಶೇಂಗಾ ಹೋಳಿಗೆ ಇದ್ದರೆ, ಅದರಲ್ಲೂ ಎಣ್ಣೆಯಂಶ ಇರುವುದರಿಂದ, ನಿಂತು ಸಾವಕಾಶವಾಗಿ ಅರ್ಧ ತಿನ್ನಿ.

ತೂಕ ಶೇಕಡಾ ಮೂರೂವರೆಯಷ್ಟು ಇಳಿದಿದೆಯೆಂದರೆ ನೀರೂ ಸಾಲುತ್ತಿಲ್ಲ. ಇಳಿಕೆ ಶೇಕಡಾ ಎರಡರೊಳಗೆ ಇರುವಂತೆ ನೋಡಿಕೊಳ್ಳಿ. ಹಾಗೆಂದು ತೂಕ ಏರುವಷ್ಟು ಬರೀ ನೀರು ಕುಡಿಯುವುದೂ ಅಪಾಯವೇ, ರಕ್ತದ ಸೋಡಿಯಂ ಇಳಿಯುತ್ತದೆ. ಮರಳುವಾಗ ಖಂಬಾಟ್ಕಿ ಸುರಂಗದೊಳಗೆ ಹಿಂದಿನ ದೀಪ ಉರಿಯುತ್ತಿರಲಿ, ಮನೆಯವರ ಮೊಬೈಲಿಗೆ ನಿಮ್ಮ ಸ್ಥಳ ಕಾಣುತ್ತಿರಲಿ.

ವಾರ್ಜೆ ಸವಾರ:
ನಿನ್ನೆ ಹೋಗಿಬಂದೆ. ಶಿರವಳದವರೆಗೆ 21 ಮೀರಲಿಲ್ಲ. ಖೇಡ್ ಶಿವಾಪುರದಲ್ಲಿ ಹಾಲಿನ ಕ್ಯಾನು ತೂಗುಹಾಕಿದ್ದ ಸಾದಾ ಸೈಕಲ್ಲಿನ ಅಜ್ಜನೊಬ್ಬ ನನ್ನನ್ನು ದಾಟಿಹೋದಾಗ ಬಹಳ ಸಂಕಟವಾಯಿತು. ಅರ್ಧ ಗಂಟೆಗೊಮ್ಮೆ ಫೋನು ಗಂಟೆ ಬಾರಿಸುವಂತೆ ಇಟ್ಟು ತಿಂದೆ. ಮರಳುವಾಗ ಶಿರವಳದಲ್ಲೂ ವೇಗ 20 ಇತ್ತು, ತೂಕ ಇಳಿದದ್ದು 1.1 ಕಿಲೋ ಮಾತ್ರ. ಆದರೆ ಕೊನೆಯ 20 ಕಿ.ಮೀ.ಯಲ್ಲಿ ಎರಡೂ ಕೈಗಳ ಕಿರುಬೆರಳು, ಉಂಗುರಬೆರಳು ಮರಗಟ್ಟಿದವು.

ಹಳೆಯ ಚೈನು:
ಅಂಗೈಯ ಹೊರ ಅಂಚಿನಲ್ಲಿ ಹಾಯುವ ಅಲ್ನಾರ್ ನರದ ಮೇಲೆ ಭಾರ ಬೀಳುತ್ತಿದೆ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬರುತ್ತದೆ. ಮೊದಲು ಅದನ್ನು ಸಮತಟ್ಟು ಮಾಡಿ. ಮೊಣಕೈ ಸ್ವಲ್ಪ ಮಡಿದಿರಲಿ, ಹಿಡಿತದ ಜಾಗ ಆಗಾಗ ಬದಲಾಗಲಿ. ಮರುದಿನವೂ ಮರಗಟ್ಟಿದಂತಿದ್ದರೆ ವೈದ್ಯರಿಗೆ ತೋರಿಸಿ. ಹ್ಯಾಂಡಲಿನ ಎತ್ತರವನ್ನು ಈ ವಾರ ಮುಟ್ಟಬೇಡಿ; ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ.